ಗೇಣಿ ಹೊಲದ ಆಟಗಳು

(ಟೇಲರ್ ಊರಿನಲ್ಲಿ ನಡೆದ ನಮ್ಮ ಸಂಘದ ಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಇದುವರೆಗೆ ವಚನ ಸಾಹಿತ್ಯ, ದಾಸ ಸಾಹಿತ್ಯ, ಮಧುಮೇಹ, ನಿವೃತ್ತಿಯ ಉಳಿತಾಯ ಇವುಗಳ ಬಗ್ಗೆ ಭಾಷಣಗಳಾಗಿವೆ. ನನಗೆ ಸಮಿತಿಯವರು ಫೋನು ಮಾಡಿ ವಿಷಯ ಕೇಳಿದಾಗ "ಕಂಪ್ಯೂಟರ್ ಆಟ ಮಾರುವವರು ಮತ್ತು ಆಪರೇಟಿಂಗ್ ಸಿಸ್ಟಂ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಕನ್ನಡದಲ್ಲಿ ತಾನೆ?" ಎಂದು ಕೇಳಿದರು. ಹೌದು, ಕನ್ನಡದಲ್ಲಿ ಎಂದಮೇಲೆ ಒಪ್ಪಿಕೊಂಡರು. ಅವರ ಔದಾರ್ಯಕ್ಕೆ ಕೃತಜ್ಞತೆಗಳು.

ಈ ಟೇಲರ್ ಊರು ಈ ವಿಷಯಕ್ಕೆ ತೀರ ಹೊರಗಿನದೇನಲ್ಲ. ಬಗ್ಸ್ ಬನ್ನಿಯನ್ನು ಇಂದು ನಾವು ನೋಡುವ ರೂಪಕ್ಕೆ ತಂದವರಲ್ಲಿ ಮುಖ್ಯನಾದ ಟೆಕ್ಸ್ ಏವರಿ 1908ರಲ್ಲಿ ಹುಟ್ಟಿದ್ದು ಇಲ್ಲಿಯೇ. ಹತ್ತಿ ಬೆಳೆಯುತ್ತಿದ್ದ ಈ ಬಯಲಿನಲ್ಲಿ 17 ಬಿಲಿಯನ್ ಡಾಲರಿನ ಚಿಪ್ ಕಾರ್ಖಾನೆ ಕಟ್ಟುತ್ತೇವೆಂದು ಸ್ಯಾಮ್‌ಸಂಗ್‌ನವರು 2021ರ ನವೆಂಬರ್‌ನಲ್ಲಿ ಘೋಷಿಸಿದರು. ಚಿತ್ರವನ್ನು ಕುಣಿಸುವವನೂ ಚಿಪ್ ಕಡೆಯುವವನೂ ಒಂದೇ ಊರಿಗೆ ಸೇರಿದ್ದಾರೆ. ನಾನು ಹೇಳಬೇಕಾದದ್ದು ಇವರಿಬ್ಬರ ನಡುವೆ ಕುಳಿತಿರುವ ಮೂರನೆಯವನ ಕಥೆ.

ಮೊದಲು ನನ್ನ ಅಜ್ಜನ ವಿಷಯ ಒಂದು ಮಾತು. ಅವರು ಪುತ್ತೂರಿನ ಕಡೆ ಗೇಣಿಗೆ ಗದ್ದೆ ಮಾಡುತ್ತಿದ್ದವರು. ದಕ್ಷಿಣ ಕನ್ನಡದವರಿಗೆ ಗೊತ್ತು, ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿಯಾದರೆ ಕೊಡಬೇಕಾದ ಮುಡಿ ಅಕ್ಕಿ ನಿಗದಿಯಾಗಿರುತ್ತದೆ, ತಲೆಮಾರು ಕಳೆದರೂ ಏಳು ಎನ್ನುವಂತಿಲ್ಲ. ಚಾಲಗೇಣಿಯಾದರೆ ಧಣಿಯ ಮನಸ್ಸು ಇರುವಷ್ಟು ದಿನ. ತೆಂಗಿನ ಸಸಿ ನೆಟ್ಟರೂ ಫಲ ಯಾರಿಗೆಂದು ಹೇಳಲಾಗದು. ಅಜ್ಜ ಚಾಲಗೇಣಿಯವರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಬಂದು ಅವರು ಡಿಕ್ಲರೇಷನ್ ಹಾಕುವವರೆಗೂ ಆ ಅಂಗಳದಲ್ಲಿ ಒಂದು ಬಾವಿ ತೋಡಿಸಲು ಹಿಂಜರಿಯುತ್ತಿದ್ದರಂತೆ. ಈ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಉಪಯೋಗಕ್ಕೆ ಬರುತ್ತವೆ.

ನಮ್ಮ ರಾಜ್ಯದಲ್ಲಿ, ಅಂದರೆ ಈ ರಾಜ್ಯದಲ್ಲಿ, ಕಂಪ್ಯೂಟರ್ ಆಟಗಳ ವ್ಯಾಪಾರ ಹುಟ್ಟಿದ್ದು ಪ್ಲಾಸ್ಟಿಕ್ ಚೀಲದಲ್ಲಿ. ಹ್ಯೂಸ್ಟನ್ ಹತ್ತಿರ, ನಾಸಾದ ನೆರೆಯಲ್ಲಿ, ಸ್ಕೈಲ್ಯಾಬ್‌ನಲ್ಲಿ ಹಾರಿದ ಗಗನಯಾತ್ರಿ ಓವೆನ್ ಗ್ಯಾರಿಯಟ್ ಅವರ ಮಗ ರಿಚರ್ಡ್ ಹೈಸ್ಕೂಲು ಓದುವಾಗಲೇ ಆ್ಯಪಲ್-2 ಯಂತ್ರಕ್ಕೆ ಆಟ ಬರೆದ. ರಜೆಯಲ್ಲಿ ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಚೀಲಕ್ಕೆ ತುಂಬಿ ತೂಗು ಹಾಕಿದ. ಅದರ ಬೆನ್ನಿಗೆ 1981ರಲ್ಲಿ "ಅಲ್ಟಿಮಾ" ಬಂತು. 1983ರಲ್ಲಿ ಅಪ್ಪ, ಅಣ್ಣ ರಾಬರ್ಟ್ ಮತ್ತು ಒಬ್ಬ ಗೆಳೆಯನ ಜೊತೆ ಸೇರಿ ಕಟ್ಟಿದ ಒರಿಜಿನ್ ಸಿಸ್ಟಮ್ಸ್ ಮುಂದೆ ಆಸ್ಟಿನ್‌ನಲ್ಲಿ ನೆಲೆಸಿತು.

ಆಗ ಆಟ ಮಾರುವವನ ಪಾಡು ಕೇಳಬೇಡಿ. ಆ್ಯಪಲ್‌ಗೆ ಒಂದು ಪ್ರತಿ, ಕಮೊಡೋರ್‌ಗೆ ಒಂದು, ಅಟಾರಿಗೆ ಒಂದು, ನಮ್ಮ ಫೋರ್ಟ್‌ವರ್ತ್‌ನ ಟ್ಯಾಂಡಿ ಯಂತ್ರಕ್ಕೆ ಮತ್ತೊಂದು. ಒಂದರ ಫ್ಲಾಪಿ ಇನ್ನೊಂದಕ್ಕೆ ಹಿಡಿಸದು. 1980ರ ದಶಕದಲ್ಲಿ ಡಲ್ಲಾಸ್‌ನಲ್ಲಿ ಶುರುವಾದ ಬ್ಯಾಬೇಜಸ್ ಎಂಬ ಅಂಗಡಿಯನ್ನು ಹಿರಿಯರು ಮರೆತಿರಲಾರಿರಿ. ಮುಂದೆ ಗೇಮ್‌ಸ್ಟಾಪ್ ಆಗಿ ಬೆಳೆದದ್ದರ ಬೇರು ಅದೇ. ಅಂಥ ಅಂಗಡಿಗಳಲ್ಲಿ ಒಂದೇ ಆಟಕ್ಕೆ ಮೂರು ನಾಲ್ಕು ಕಪಾಟು ಬೇಕಾಗುತ್ತಿತ್ತು. ನಾಲ್ಕು ಭಾಷೆ ಬರೆಯಬೇಕಾದ ಗಡಿನಾಡಿನ ಅಂಗಡಿ ಬೋರ್ಡಿನ ಹಾಗೆ.

ಈ ತಾಪತ್ರಯ ಕೊನೆಗೊಂಡಿದ್ದು ಹ್ಯೂಸ್ಟನ್‌ನ ಒಂದು ಹೋಟೆಲಿನಲ್ಲಿ ಎಂದರೆ ಅತಿಶಯೋಕ್ತಿಯಲ್ಲ. 1982ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಮೂವರು, ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮುರ್ಟೊ, ಹೌಸ್ ಆಫ್ ಪೈಸ್‌ನಲ್ಲಿ ಕುಳಿತು ತಟ್ಟೆಯ ಕೆಳಗಿನ ಕಾಗದದ ಮೇಲೆ ಕೈಯಲ್ಲಿ ಹೊತ್ತೊಯ್ಯುವ ಕಂಪ್ಯೂಟರಿನ ಚಿತ್ರ ಬರೆದರು. ಅದೇ ಕಾಂಪ್ಯಾಕ್. ಐಬಿಎಂ ಯಂತ್ರಕ್ಕೆ ಬರೆದದ್ದೆಲ್ಲ ಇದರಲ್ಲೂ ನಡೆಯಬೇಕು ಎಂಬುದು ಅವರ ಪಣ. ಅದು ಸಾಧ್ಯವಾದದ್ದು ಡಾಸ್‌ಅನ್ನು ಐಬಿಎಂ ಹೊರತು ಬೇರೆಯವರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಇಟ್ಟುಕೊಂಡಿದ್ದರಿಂದ. ಮೊದಲ ವರ್ಷ, ಅಂದರೆ 1983ರಲ್ಲಿ, ಕಾಂಪ್ಯಾಕ್ 53,000 ಯಂತ್ರ ಮಾರಿ 111 ಮಿಲಿಯನ್ ಡಾಲರ್ ವಹಿವಾಟು ಮಾಡಿತು. ಆ ದಿನಗಳಲ್ಲಿ ಒಂದು ಯಂತ್ರ ನಿಜವಾಗಿ ಐಬಿಎಂಗೆ ಸಮವೋ ಅಲ್ಲವೋ ಎಂದು ಪರೀಕ್ಷಿಸಲು ಗಿರಾಕಿಗಳು ಹಾಕಿ ನೋಡುತ್ತಿದ್ದದ್ದು ಎರಡು: ಲೆಕ್ಕದ ತಂತ್ರಾಂಶ ಲೋಟಸ್ 1-2-3, ಮತ್ತು ವಿಮಾನ ಹಾರಿಸುವ ಆಟ ಫ್ಲೈಟ್ ಸಿಮ್ಯುಲೇಟರ್. ಆಟ ಓಡಿದರೆ ಯಂತ್ರ ಪಾಸು. ಆಟ ಎಂದರೆ ಮಕ್ಕಳ ಚೇಷ್ಟೆ ಎನ್ನುವವರು ಇದನ್ನು ಗಮನಿಸಬೇಕು.

ಹೀಗೆ ಹತ್ತಾರು ಕಂಪನಿಗಳ ಯಂತ್ರಗಳ ಕೆಳಗೆ ಒಂದೇ ಡಾಸ್ ಹಾಸಿಕೊಂಡಿತು. ಮೈಕ್ರೋಸಾಫ್ಟ್ ಗೇಣಿ ವಸೂಲು ಮಾಡುತ್ತಿದ್ದದ್ದು ಯಂತ್ರ ಮಾಡುವವನಿಂದ, ಅದೂ ಎಂಥ ಗೇಣಿ! ಡಾಸ್ ಹಾಕಲಿ ಬಿಡಲಿ, ಮಾರಿದ ಪ್ರತಿ ಪ್ರೊಸೆಸರಿಗೂ ಇಷ್ಟು ಎಂದು ಒಪ್ಪಂದ. 1994ರ ಜುಲೈನಲ್ಲಿ ಸರ್ಕಾರದ ಜೊತೆ ರಾಜಿಯಾದ ಮೇಲೆಯೇ ಆ ಪದ್ಧತಿ ನಿಂತದ್ದು. ಆದರೆ ಆಟ ಬರೆಯುವವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಪ್ಪಣೆ ಬೇಡ, ಪರವಾನಗಿ ಬೇಡ. ಅವನ ಪಾಲಿಗೆ ಅದು ಅಪ್ಪಟ ಮೂಲಗೇಣಿ. ಅಕ್ಕಿ ಅಳೆಯುವ ಕೆಲಸವೂ ಇಲ್ಲ. ಅದೇ ಕಾಲದ ನಿಂಟೆಂಡೊ ಪೂರಾ ಚಾಲಗೇಣಿ. ಪೆಟ್ಟಿಗೆಯೊಳಗೆ ಬೀಗದ ಚಿಪ್ಪು, ಕಾರ್ಟ್ರಿಜ್ ಅವರೇ ಅಚ್ಚು ಹಾಕಬೇಕು, ವರ್ಷಕ್ಕೆ ಇಷ್ಟೇ ಆಟ ಎಂಬ ಮಿತಿ. 1990ರಲ್ಲಿ ಜಾನ್ ಕಾರ್ಮ್ಯಾಕ್, ಜಾನ್ ರೊಮೇರೊ ಮೊದಲಾದ ಹುಡುಗರು, ಆಗ ಲೂಯಿಸಿಯಾನದ ಶ್ರೀವ್‌ಪೋರ್ಟ್‌ನಲ್ಲಿದ್ದವರು, ನಿಂಟೆಂಡೊದ ಮಾರಿಯೊ ಆಟವನ್ನು ಪೀಸಿಯ ಮೇಲೆ ಓಡುವಂತೆ ಮಾಡಿ ಅವರಿಗೇ ಕಳುಹಿಸಿದರು. ನಮ್ಮ ಆಟ ನಮ್ಮ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಹುಡುಗರು ಅದೇ ಜಾಣ್ಮೆಯಿಂದ ಡಾಸ್‌ಗೆ "ಕಮಾಂಡರ್ ಕೀನ್" ಬರೆದರು. ನಮ್ಮ ಗಾರ್ಲೆಂಡ್‌ನ ಸ್ಕಾಟ್ ಮಿಲ್ಲರ್ ತನ್ನ ಅಪೋಜಿ ಕಂಪನಿಯ ಮೂಲಕ ಅದನ್ನು ಹಂಚಿದ. ಮೊದಲ ಭಾಗ ಪುಕ್ಕಟೆ, ಮಿಕ್ಕಿದ್ದು ಬೇಕಾದರೆ ಚೆಕ್ಕು ಕಳುಹಿಸಿ. 1992ರಲ್ಲಿ ಆ ಹುಡುಗರ ಇಡ್ ಸಾಫ್ಟ್‌ವೇರ್ ಡಲ್ಲಾಸ್ ಪಕ್ಕದ ಮೆಸ್ಕೀಟ್‌ಗೆ ಬಂತು.

ಇನ್ನು ಡಾಸ್‌ನ ಸುಖ ಎಂಥದ್ದೆಂದು ಹೇಳಬೇಕು. ಆ ದಿನಗಳಲ್ಲಿ ಸಂಜೆ ಹೊತ್ತು ನಾನು ಮಾಲ್ ಒಂದರ ತಂತ್ರಾಂಶದ ಅಂಗಡಿಯಲ್ಲಿ ನಿಲ್ಲುತ್ತಿದ್ದೆ. ಕ್ರಿಸ್‌ಮಸ್ ಕಳೆದ ಮರುದಿನ ಬಾಗಿಲು ತೆರೆಯುವ ಮುಂಚೆಯೇ ಸಾಲು. ಎಲ್ಲರ ಕೈಯಲ್ಲೂ ಒಡೆದ ಪೆಟ್ಟಿಗೆ, ಎಲ್ಲರ ಜೊತೆಯಲ್ಲೂ ಅತ್ತು ಕಣ್ಣು ಕೆಂಪಾದ ಒಂದು ಮಗು. "ಮೆಮೊರಿ ಸಾಲದು ಎನ್ನುತ್ತಿದೆ. ನಾಲ್ಕು ಮೆಗಾಬೈಟ್ ಇದೆಯಲ್ಲ, ಹೇಗೆ ಸಾಲದು?" ಗಿರಾಕಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಡಾಸ್‌ನ ಮನೆಯಲ್ಲಿ ಎಷ್ಟೇ ಕೋಣೆ ಕಟ್ಟಿಸಿದರೂ ಅಡಿಗೆಮನೆ 640 ಕಿಲೋಬೈಟೇ. ಮೌಸಿನ ಡ್ರೈವರ್, ಸೀಡಿಯ ಡ್ರೈವರ್, ಧ್ವನಿಯ ಡ್ರೈವರ್ ಎಲ್ಲರೂ ಅಲ್ಲೇ ಬಂದು ಕೂರುವವರು. ಇವರೆಲ್ಲ ಕೂತ ಮೇಲೆ ಒಲೆ ಹಚ್ಚಲು ಆಟಕ್ಕೆ ಜಾಗವೆಲ್ಲಿ? ಆಗ ನಾವು ಬೂಟ್ ಡಿಸ್ಕ್ ಮಾಡಿಕೊಡುತ್ತಿದ್ದೆವು. ಖಾಲಿ ಫ್ಲಾಪಿಯಲ್ಲಿ ಕಾನ್ಫಿಗ್ ಡಾಟ್ ಸಿಸ್, ಆಟೋಎಕ್ಸೆಕ್ ಡಾಟ್ ಬ್ಯಾಟ್ ಎಂಬ ಎರಡು ಚಿಕ್ಕ ಕಡತ. ಬೇಡದ ಡ್ರೈವರುಗಳನ್ನು ಹೊರಗೆ ಕಳುಹಿಸಿ ಆ ಒಂದು ಆಟಕ್ಕಾಗಿಯೇ ಯಂತ್ರವನ್ನು ಎಬ್ಬಿಸುವುದು. ಒಂದೊಂದು ಆಟಕ್ಕೆ ಒಂದೊಂದು ಫ್ಲಾಪಿ. ಒರಿಜಿನ್‌ನವರ "ಅಲ್ಟಿಮಾ-7" 1992ರಲ್ಲಿ ಬಂದಾಗ ಅದು ತನ್ನದೇ ಮೆಮೊರಿ ವ್ಯವಸ್ಥೆ ತಂದಿತ್ತು. ಡಾಸ್‌ನ ಎಮ್ 386 ಎಂಬ ಮೆಮೊರಿ ನಿರ್ವಾಹಕನಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಅದರ ಮೇಲೆ ಧ್ವನಿ. ಪೋರ್ಟ್ 220, ಐಆರ್‌ಕ್ಯೂ 5 ಅಥವಾ 7, ಡಿಎಂಎ 1. ಜಾತಕ ಕೂಡಿಸಿದ ಹಾಗೆ ಕೂಡಿಸಬೇಕು. ಒಂದು ಮನೆ ತಪ್ಪಿದರೂ ಮದುವೆ ನಿಂತಿತು.

ಇದರ ಖರ್ಚು ಯಾರದು? ಮಾರುವವನದು. ನಮ್ಮ ಅಂಗಡಿಯಾತ ಲೆಕ್ಕ ಹಾಕಿ ಹೇಳುತ್ತಿದ್ದ: ಒಂದು ಪೆಟ್ಟಿಗೆ ವಾಪಸು ಬಂದರೆ ಎಷ್ಟೋ ಪೆಟ್ಟಿಗೆಗಳ ಲಾಭ ಹೋಯಿತು. ಆಟದ ಕಂಪನಿಗಳಿಗೆ ಫೋನಿನ ಮುಂದೆ ಜನ ಕೂರಿಸುವ ಖರ್ಚು. ತನ್ನ ತಪ್ಪಲ್ಲದ ತಪ್ಪಿಗೆ ದಂಡ ಕಟ್ಟುವುದು. ಆದರೂ ಎಲ್ಲರೂ ಡಾಸ್‌ಗೇ ಬರೆದರು. ಆ್ಯಪಲ್‌ನಲ್ಲೇ ಬೆಳೆದ ಅಲ್ಟಿಮಾ ಕೂಡ 1990ರ ಆರನೆಯ ಭಾಗದಿಂದ ಪೀಸಿಗೇ ಮೊದಲು ಬರೆಯಲ್ಪಟ್ಟಿತು. ಗಿರಾಕಿ ಎಲ್ಲಿದ್ದಾನೋ ಅಲ್ಲಿ ಅಂಗಡಿ, ಅಷ್ಟೆ. ಡಾಸ್ ಚೆನ್ನಾಗಿತ್ತೆಂದು ಯಾರೂ ಅಲ್ಲಿಗೆ ಹೋಗಲಿಲ್ಲ. ಎಲ್ಲರೂ ಅಲ್ಲಿದ್ದರೆಂದು ಎಲ್ಲರೂ ಹೋದರು. ಮದುವೆ ಮನೆಯಲ್ಲಿ ಉದ್ದ ಸಾಲಿರುವ ಪಂಕ್ತಿಗೇ ನಾವು ನಿಲ್ಲುವುದಿಲ್ಲವೆ?

1993ರ ಡಿಸೆಂಬರ್ 10ರಂದು ಮೆಸ್ಕೀಟ್‌ನ ಹುಡುಗರು "ಡೂಮ್" ಆಟದ ಪುಕ್ಕಟೆ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಕಕ್ಕೆ ಏರಿಸಿದರು. ಕಾದು ಕುಳಿತವರ ನೂಕುನುಗ್ಗಲಿಗೆ ಆ ಗಣಕವೇ ತತ್ತರಿಸಿತು. ತಮಾಷೆಯೆಂದರೆ ಆಟವನ್ನು ಬರೆದದ್ದು ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಯಂತ್ರಗಳ ಮೇಲೆ, ಮಾರಿದ್ದು ಡಾಸ್‌ಗೆ. ಅಡಿಗೆ ಸ್ಟೀಲಿನ ಪಾತ್ರೆಯಲ್ಲಿ, ಬಡಿಸಿದ್ದು ಮುತ್ತುಗದ ಎಲೆಯಲ್ಲಿ. ಅಂಗಡಿಗೆ ಇದರಲ್ಲಿ ಪಾಲಿಲ್ಲ ಎಂದು ನಮ್ಮ ಯಜಮಾನ ಗೊಣಗಿದ್ದು ನನಗೆ ನೆನಪಿದೆ. ಇಡ್‌ನವರ ಮೇಲೆ ಅಂಗಡಿಯವನ ಹಂಗೂ ಇರಲಿಲ್ಲ, ಮೈಕ್ರೋಸಾಫ್ಟ್‌ನ ಹಂಗೂ ಇರಲಿಲ್ಲ. ಅದು ಕೇವಲ ಎರಡು ಮೂರು ವರ್ಷದ ಸ್ವರ್ಗ. ಆಗ ನಮಗೆ ಗೊತ್ತಾಗಲಿಲ್ಲ.

ಏಕೆಂದರೆ ಧಣಿ ಅಷ್ಟರಲ್ಲಿ ಹೊಸ ಮನೆ ಕಟ್ಟುತ್ತಿದ್ದ. ವಿಂಡೋಸ್‌ಗೆ ಆಟಗಳು ಬೇಕಾಗಿದ್ದವು. ಆಟದವರಿಗೆ ವಿಂಡೋಸ್ ಬೇಕಾಗಿರಲಿಲ್ಲ. 1994ರ ಕ್ರಿಸ್‌ಮಸ್ಸಿಗೆ ಡಿಸ್ನಿಯವರು "ಲಯನ್ ಕಿಂಗ್" ಕಥೆಯ ಸೀಡಿಯನ್ನು ವಿಂಡೋಸ್ 3.1ಕ್ಕೆ, ಮೈಕ್ರೋಸಾಫ್ಟ್‌ನ ವಿನ್‌ಜಿ ಎಂಬ ಹೊಸ ಸಾಧನ ಬಳಸಿ, ತಂದರು. ಅದೇ ಹಬ್ಬಕ್ಕೆ ಹ್ಯೂಸ್ಟನ್‌ನ ಕಾಂಪ್ಯಾಕ್ ಪ್ರಿಸಾರಿಯೋ ಯಂತ್ರಗಳು ಮನೆಮನೆಗೆ ಹೋಗಿದ್ದವು. ಅವುಗಳ ಚಿತ್ರದ ಡ್ರೈವರಿಗೂ ವಿನ್‌ಜಿಗೂ ಹೊಂದಲಿಲ್ಲ. ಹಬ್ಬದ ಬೆಳಿಗ್ಗೆ ಸಿಂಹದ ಬದಲು ಮಕ್ಕಳಿಗೆ ಕಂಡದ್ದು ನಿಂತುಹೋದ ಪರದೆ. ಡಿಸ್ನಿಯ ಸಹಾಯವಾಣಿಗೆ ಕರೆಗಳ ಮಹಾಪೂರ. ವಿಂಡೋಸ್ ನಂಬಬೇಡಿ ಎಂದು ಆಟದವರಿಗೆ ಡಂಗುರ ಸಾರಿದಂತಾಯಿತು.

ಆಗ ಧಣಿಯೇ ಒಕ್ಕಲಿನ ಬಾಗಿಲಿಗೆ ಬಂದ. ಮೈಕ್ರೋಸಾಫ್ಟ್‌ನಲ್ಲಿದ್ದ ಗೇಬ್ ನ್ಯೂವೆಲ್ ಎಂಬಾತ ತಾವೇ ಪುಕ್ಕಟೆಯಾಗಿ ಡೂಮನ್ನು ವಿಂಡೋಸಿಗೆ ತಂದುಕೊಡುತ್ತೇವೆಂದು ಇಡ್‌ನವರಿಗೆ ಹೇಳಿದ. ವಿಂಡೋಸಿಗಿಂತ ಡೂಮ್ ಇರುವ ಯಂತ್ರಗಳೇ ಹೆಚ್ಚೆಂದು ತಮ್ಮ ಸಮೀಕ್ಷೆಯೊಂದರಲ್ಲಿ ತಿಳಿದು ಬೆಚ್ಚಿಬಿದ್ದೆವೆಂದು ಆತನೇ ಆಮೇಲೆ ಹೇಳಿಕೊಂಡಿದ್ದಾನೆ. 1995ರಲ್ಲಿ ಬಿಲ್ ಗೇಟ್ಸ್ ಉದ್ದ ಕೋಟು ತೊಟ್ಟು ಬಂದೂಕು ಹಿಡಿದು ಡೂಮ್ ಆಟದೊಳಗೆ ನಡೆದುಬರುವ ಪ್ರಚಾರದ ಚಿತ್ರವನ್ನೂ ಮಾಡಿದರು. ನೋಡಿದವರು ಮರೆಯಲಾರರು; ಮರೆಯಲು ಯತ್ನಿಸಿದವರೂ ಇದ್ದಾರೆ. ಅದೇ ಸೆಪ್ಟೆಂಬರಿನಲ್ಲಿ ಡೈರೆಕ್ಟ್‌ಎಕ್ಸ್ ಹೊರಬಂತು. ಇನ್ನು ಮೇಲೆ ಪೋರ್ಟ್ 220 ಬೇಡ, ಬೂಟ್ ಡಿಸ್ಕ್ ಬೇಡ. ಧ್ವನಿ ಕೇಳಬೇಕೆ, ವಿಂಡೋಸನ್ನು ಕೇಳು. ಚಿತ್ರ ಬೇಕೆ, ವಿಂಡೋಸನ್ನು ಕೇಳು. ಮಾರುವವರೆಲ್ಲ ಉಸ್ಸೆಂದು ನಿಟ್ಟುಸಿರು ಬಿಟ್ಟರು. ಅಂಗಡಿಯಲ್ಲಿ ಕ್ರಿಸ್‌ಮಸ್ ಮರುದಿನದ ಸಾಲು ಕರಗಿತು. ಇದು ಸುಳ್ಳಲ್ಲ, ನಾನು ಕಣ್ಣಾರೆ ಕಂಡದ್ದು. ಮೈಕ್ರೋಸಾಫ್ಟನ್ನು ಬೈಯುವವರು ಈ ಪುಟವನ್ನು ಹಾರಿಸಿ ಓದಬಾರದು.

ಆದರೆ ಹಿಂದೆ ಆಟ ಡಾಸ್‌ಅನ್ನು ದಾಟಿ ನೇರ ಯಂತ್ರದ ಜೊತೆ ಮಾತಾಡುತ್ತಿತ್ತು. ಈಗ ಎಲ್ಲ ಮಾತೂ ವಿಂಡೋಸಿನ ಬಾಯಿಂದ. ಇದರ ಅರ್ಥವನ್ನು ಮೊದಲು ಬಿಡಿಸಿ ಹೇಳಿದವರಲ್ಲಿ ಕಾರ್ಮ್ಯಾಕ್ ಒಬ್ಬ. ಮೂರು ಆಯಾಮದ ಚಿತ್ರಕ್ಕೆ ಮೈಕ್ರೋಸಾಫ್ಟ್ ತನ್ನದೇ ಡೈರೆಕ್ಟ್-3ಡಿ ತಂದಾಗ, 1996ರ ಡಿಸೆಂಬರಿನಲ್ಲಿ ಆತ ಅದನ್ನು ಬಹಿರಂಗವಾಗಿ ತಿರಸ್ಕರಿಸಿ, ಯಾವ ಒಂದು ಕಂಪನಿಗೂ ಸೇರದ ಓಪನ್‌ಜಿಎಲ್ ಸಾಕೆಂದ. ತನ್ನ "ಕ್ವೇಕ್" ಆಟವನ್ನು ಅದರಲ್ಲೇ ಓಡಿಸಿ ತೋರಿಸಿದ. ಓಪನ್‌ಜಿಎಲ್‌ನಲ್ಲಿ ಬರೆದದ್ದನ್ನು ಲಿನಕ್ಸಿಗೂ ಒಯ್ಯಬಹುದು, ಮ್ಯಾಕಿಗೂ ಒಯ್ಯಬಹುದು. ಡೈರೆಕ್ಟ್-3ಡಿಯಲ್ಲಿ ಬರೆದದ್ದು ವಿಂಡೋಸಿನಲ್ಲೇ ಇರಬೇಕು. ಅಂಗಳದಲ್ಲಿ ಬಾವಿ ತೋಡಿದ ಹಾಗೆ, ಹೊತ್ತುಕೊಂಡು ಹೋಗಲಾಗದು.

ನ್ಯಾಯಾಲಯದಲ್ಲಿ ಇದೇ ಮಾತು ಬೇರೆ ಭಾಷೆಯಲ್ಲಿ ಬಂತು. 1999ರ ನವೆಂಬರ್ 5ರಂದು ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜ್ಯಾಕ್ಸನ್ ಕೊಟ್ಟ ನಿರ್ಣಯದಲ್ಲಿ ಇಂಟೆಲ್ ಮಾದರಿಯ ಪೀಸಿಗಳಲ್ಲಿ ವಿಂಡೋಸಿನ ಪಾಲು ನೂರಕ್ಕೆ 95ಕ್ಕೆ ಕಡಿಮೆಯಿಲ್ಲ ಎಂದಿದೆ. ವಿಂಡೋಸಿಗೆ 70,000ಕ್ಕೂ ಮಿಕ್ಕಿ ತಂತ್ರಾಂಶಗಳಿವೆ. ಅದಕ್ಕಾಗಿ ಜನ ವಿಂಡೋಸ್ ಕೊಳ್ಳುತ್ತಾರೆ. ಜನ ಅಲ್ಲಿದ್ದಾರೆಂದು ಬರೆಯುವವರು ಮತ್ತೆ ಅದಕ್ಕೇ ಬರೆಯುತ್ತಾರೆ. ಹೊಸಬನು ಎಷ್ಟೇ ಒಳ್ಳೆಯ ವ್ಯವಸ್ಥೆ ತಂದರೂ ಈ ಬೇಲಿ ದಾಟಲಾರ ಎಂದು ಅವರು ಹೇಳಿದರು. ನಮ್ಮ ಟೆಕ್ಸಾಸಿನ ನಡವಳಿಕೆ ಇಲ್ಲಿ ಸ್ವಲ್ಪ ಮುಜುಗರದ್ದು. ಮೈಕ್ರೋಸಾಫ್ಟ್ ಮೇಲೆ ತನಿಖೆಗೆ ಇಳಿದವರಲ್ಲಿ ಮೊದಲಿಗರು ನಾವೇ. 1997ರಲ್ಲಿ ಅಟಾರ್ನಿ ಜನರಲ್ ಡ್ಯಾನ್ ಮೊರಾಲಿಸ್ ದಾವೆಯನ್ನೂ ಹೂಡಿದ್ದರು. 1998ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಜೊತೆ 20 ರಾಜ್ಯಗಳು ಮೊಕದ್ದಮೆ ಹಾಕುವ ಹೊತ್ತಿಗೆ ಟೆಕ್ಸಾಸ್ ಹಿಂದೆ ಸರಿಯಿತು. ಇಲ್ಲಿನ ಕಂಪ್ಯೂಟರ್ ತಯಾರಕರು ಆತಂಕ ತೋಡಿಕೊಂಡಿದ್ದರು. ವಿಂಡೋಸ್ ಸ್ವಲ್ಪ ತಡವಾದರೂ ಅವರ ಗೋದಾಮು ಸ್ತಬ್ಧ. ಒಕ್ಕಲಿನ ಪರವಾಗಿ ಸಾಕ್ಷಿ ಹೇಳಲು ಒಕ್ಕಲೇ ಬರಲಿಲ್ಲ ಎಂದು ಅಜ್ಜ ಹೇಳುತ್ತಿದ್ದ ಕಥೆಗಳಂತೆಯೇ ಇದೂ. ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ 2000ದ ಆಜ್ಞೆ ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಬಿತ್ತು.

ಬೇಲಿ ದಾಟಲು ಯತ್ನಿಸಿದವರೂ ಇದ್ದರು. ಕ್ಯಾಲಿಫೋರ್ನಿಯಾದ ಲೋಕಿ ಎಂಬ ಪುಟ್ಟ ಸಂಸ್ಥೆ 1998ರಿಂದ ಆಟಗಳನ್ನು ಲಿನಕ್ಸಿಗೆ ತರತೊಡಗಿತು. ಇಡ್‌ನ "ಕ್ವೇಕ್-3" ಲಿನಕ್ಸ್ ಪ್ರತಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಚೆಂದವಾಗಿ ಮಾರಿದರು. ಆದರೆ ವಿಂಡೋಸಿನ ಡಬ್ಬಿ ಮೊದಲೇ ಅಂಗಡಿಗೆ ಬಂದಿತ್ತು. ಲಿನಕ್ಸ್ ಪ್ರಿಯನೂ ಅದನ್ನೇ ಕೊಂಡು, ಓಡಿಸುವ ಕಡತವನ್ನು ಪುಕ್ಕಟೆ ಇಳಿಸಿಕೊಂಡ. ಅವನ ಮನೆಯ ಯಂತ್ರದಲ್ಲಿ ವಿಂಡೋಸೂ ಇದ್ದೇ ಇತ್ತಲ್ಲ! 2002ರ ಆರಂಭದಲ್ಲಿ ಲೋಕಿ ಮುಚ್ಚಿತು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ, ಅಡಿಗೆಮನೆಯಿಂದ ಬಿಸಿಬೇಳೆಯ ವಾಸನೆ ನನಗೂ ಬರುತ್ತಿದೆ. ಡಲ್ಲಾಸ್‌ನ ಎನ್‌ಸೆಂಬಲ್ ಸ್ಟುಡಿಯೋಸ್ 1997ರಲ್ಲಿ "ಏಜ್ ಆಫ್ ಎಂಪೈರ್ಸ್" ಮಾಡಿತು; ಪ್ರಕಾಶಕರು ಮೈಕ್ರೋಸಾಫ್ಟ್. 2001ರಲ್ಲಿ ಅವರೇ ಅದನ್ನು ಕೊಂಡರು, 2009ರ ಜನವರಿಯಲ್ಲಿ ಅವರೇ ಬಾಗಿಲು ಹಾಕಿದರು. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಆರಂಭಿಸಿದ ಧ್ರುವ ಇಂಟರ‍್ಯಾಕ್ಟಿವ್ ನಮ್ಮ ದೇಶದ ಮೊದಲ ಆಟದ ಕಂಪನಿಗಳಲ್ಲಿ ಒಂದು. ಸ್ವಂತ ಹೆಸರಿನ ಆಟ ಮಾರುವ ಬದಲು ಹೊರದೇಶದವರ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಅದು ಬೆಳೆಯಿತು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಮೈಕ್ರೋಸಾಫ್ಟ್ ಬಿಟ್ಟ ಗೇಬ್ ನ್ಯೂವೆಲ್ 1996ರಲ್ಲಿ ವಾಲ್ವ್ ಕಟ್ಟಿ, ನಮ್ಮ ಮೆಸ್ಕೀಟ್‌ನವರ ಕ್ವೇಕ್ ಎಂಜಿನ್ನನ್ನೇ ಪರವಾನಗಿ ಪಡೆದು ತನ್ನ ಮೊದಲ ಆಟ ಮಾಡಿದ. 2003ರಲ್ಲಿ ಸ್ಟೀಮ್ ಎಂಬ ಅಂಗಡಿ ತೆರೆದ. ನಾನು ನಿಲ್ಲುತ್ತಿದ್ದಂಥ ಮಾಲಿನ ಅಂಗಡಿಗಳ ಕಪಾಟುಗಳನ್ನೆಲ್ಲ ನುಂಗಿದ್ದು ಅದೇ. ಮಾರಾಟದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಅದರ ಪಾಲು. ಧಣಿಯ ಹೊಲದಲ್ಲಿ ಒಳಗೇಣಿ ಕೊಟ್ಟವನು ಸಣ್ಣ ಧಣಿಯಾದ.

2012ರಲ್ಲಿ ವಿಂಡೋಸ್ 8 ತನ್ನೊಳಗೇ ಒಂದು ಅಂಗಡಿ ಇಟ್ಟುಕೊಂಡು ಬಂದಾಗ ಈ ಸಣ್ಣ ಧಣಿಗೆ ಎದೆ ನಡುಗಿತು. ಪೀಸಿಯ ಲೋಕಕ್ಕೆಲ್ಲ ಇದು ಅನಾಹುತ ಎಂದು ನ್ಯೂವೆಲ್ ಸಾರ್ವಜನಿಕವಾಗಿಯೇ ಹೇಳಿದ. ಒಂದು ಕಾಲಕ್ಕೆ ಡೂಮನ್ನು ವಿಂಡೋಸಿಗೆ ಕರೆತಂದ ಅದೇ ಮನುಷ್ಯ! 2013ರಲ್ಲಿ ಲಿನಕ್ಸಿಗೆ ಸ್ಟೀಮ್ ಬಂತು, 2015ರ ಸ್ಟೀಮ್ ಯಂತ್ರಗಳು ಸೋತವು. ಆಟದವರು ಲಿನಕ್ಸಿಗೆ ಬರೆಯಲು ಬರುವುದಿಲ್ಲವೆಂದು ಅರಿತು, ವಿಂಡೋಸಿಗೆ ಬರೆದದ್ದನ್ನೇ ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಎಂಬ ದುಭಾಷಿಯನ್ನು 2018ರಲ್ಲಿ ತಂದರು. 2022ರಲ್ಲಿ ಬಂದ ಸ್ಟೀಮ್ ಡೆಕ್ ನಿಂತಿರುವುದು ಅದರ ಮೇಲೆ. ಈ ಸಾಲು ಮುಗಿಯುವ ಮುಂಚೆ ಒಂದು ಮಾತು: ಇಡ್ ಸಾಫ್ಟ್‌ವೇರಿನ ಒಡೆತನದ ಕಂಪನಿಯನ್ನು ಮೈಕ್ರೋಸಾಫ್ಟ್ 2021ರ ಮಾರ್ಚಿನಲ್ಲಿ ಕೊಂಡಿತು. ಡೂಮ್ ಈಗ ಧಣಿಯದೇ ಬೆಳೆ.

ಈಗ ನಾನು ಈ ಭಾಷಣ ಒಪ್ಪಿಕೊಂಡ ಕಾರಣಕ್ಕೆ ಬರುತ್ತೇನೆ. 1994ರಲ್ಲಿ ನಾನೂ ಒಬ್ಬ ಸ್ನೇಹಿತರೂ ಸೇರಿ ಮಕ್ಕಳ ಕನ್ನಡ ತರಗತಿಗಾಗಿ ಡಾಸ್‌ಗೆ ಒಂದು ಚಿಕ್ಕ ಆಟ ಬರೆದೆವು. ಮರದಿಂದ ಅಕ್ಷರಗಳು ಬೀಳುತ್ತವೆ, ಮಂಗ ಬುಟ್ಟಿ ಹಿಡಿದು "ಕ" ಕಾಗುಣಿತ ಮಾತ್ರ ಹೆಕ್ಕಬೇಕು. "ಖ" ಹೆಕ್ಕಿದರೆ ಮಂಗ ಹಲ್ಲು ಕಿರಿಯುತ್ತದೆ. ಡಾಸ್‌ಗೆ ಕನ್ನಡ ಎಲ್ಲಿ ಬರಬೇಕು? ಒಂದೊಂದು ಅಕ್ಷರವನ್ನೂ ಚೌಕದ ಹಾಳೆಯ ಮೇಲೆ ಚುಕ್ಕಿಯಿಟ್ಟು, ರಂಗೋಲಿಯ ಹಾಗೆ, ನನ್ನ ಹೆಂಡತಿ ಬಿಡಿಸಿದಳು. ಯುಗಾದಿಯ ದಿನ ಒಂದು ಫ್ಲಾಪಿಗೆ ಐದು ಡಾಲರಿನಂತೆ ನಲವತ್ತು ಫ್ಲಾಪಿ ಮಾರಿ ಹಣವನ್ನು ಸಂಘದ ಗ್ರಂಥಭಂಡಾರಕ್ಕೆ ಕೊಟ್ಟೆವು. ಆ ಪ್ರಕಾರ ನಾನೂ ಆಟ ಮಾರಿದವನೇ. ಅದು ಕೆಲವು ವರ್ಷ ಓಡಿತು, ಆಮೇಲೆ ಕುಂಟಿತು, ಮನೆಗೆ 64 ಬಿಟ್‌ನ ಹೊಸ ಯಂತ್ರ ಬಂದ ದಿನ ನಿಂತೇಹೋಯಿತು. ಹಳೆಯ 16 ಬಿಟ್ ಬರಹಕ್ಕೆ ಅಲ್ಲಿ ಜಾಗವಿರಲಿಲ್ಲ. ಯಾರ ತಪ್ಪೂ ಅಲ್ಲ. ಮನೆ ಬದಲಾಯಿತು, ನಾವು ಅಂಗಳದ ಬಾವಿಯನ್ನು ಅಲ್ಲೇ ಬಿಟ್ಟುಬಂದೆವು.

ನಮ್ಮ ಸ್ಮರಣ ಸಂಚಿಕೆಗಳದೂ ಇದೇ ಕಥೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ "ಬರಹ" ಬಂದಾಗ ಹೊರನಾಡಿನ ಕನ್ನಡಿಗರಿಗೆ ಆದ ಸಂತೋಷ ಹೇಳತೀರದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ "ನುಡಿ"ಯೂ ಬಂತು. ಎರಡೂ ವಿಂಡೋಸಿಗೇ, ಏಕೆಂದರೆ ಗಿರಾಕಿ ಅಲ್ಲೇ ಇದ್ದ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಹೆಚ್ಚಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡವೇ ಇಲ್ಲ, ಬರೀ ಕಾಗೆ ಕಾಲು ಗುಬ್ಬಿ ಕಾಲು. ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಲ್ಲಿ ಕನ್ನಡದ ಯೂನಿಕೋಡ್ ಬಂದರೂ ನಾವು ಹಳೆಯ ರೂಢಿಯಲ್ಲೇ ಎಷ್ಟೋ ವರ್ಷ ಬರೆದೆವು. ಈ ಸಂಚಿಕೆಗಾಗಿ ಹಳೆಯ ಸಂಚಿಕೆಗಳನ್ನು ತೆರೆಯಲು ಸಂಪಾದಕರು ಕೂತಾಗ ನಾಲ್ಕು ವರ್ಷಗಳ ಕಡತ ಓದಲಾಗಲಿಲ್ಲ. ಅವುಗಳಲ್ಲಿ ಈಗ ನಮ್ಮ ಜೊತೆಯಲ್ಲಿಲ್ಲದ ಇಬ್ಬರು ಹಿರಿಯರ ಬರಹಗಳಿವೆ. ಅಚ್ಚಾದ ಪ್ರತಿಯೂ ಎಲ್ಲರ ಮನೆಯ ಗ್ಯಾರೇಜಿನಲ್ಲಿ ಹುಡುಕಿದರೂ ಸಿಕ್ಕಿಲ್ಲ.

ಆದರೆ ಮಂಗ ಬದುಕಿದ್ದಾನೆ. ಹಳೆಯ ಡಾಸ್ ಯಂತ್ರವನ್ನೇ ನಟಿಸುವ ಡಾಸ್‌ಬಾಕ್ಸ್ ಎಂಬ ಪುಕ್ಕಟೆ ತಂತ್ರಾಂಶವನ್ನು 2002ರಿಂದ ಕೆಲವು ಪುಣ್ಯಾತ್ಮರು ನಡೆಸಿಕೊಂಡು ಬಂದಿದ್ದಾರೆ. ಡೂಮ್ ಕೂಡ ಉಳಿದದ್ದು ಹೀಗೆಯೇ. 1997ರ ಕೊನೆಯಲ್ಲಿ ಇಡ್‌ನವರು ಅದರ ಮೂಲ ಬರಹವನ್ನು ಬಿಟ್ಟುಕೊಟ್ಟರು. ಡಾಸ್ ಪ್ರತಿಯ ಧ್ವನಿಯ ಭಾಗ ಬೇರೆಯವರ ಸೊತ್ತಾಗಿದ್ದರಿಂದ ಕೊಟ್ಟದ್ದು ಲಿನಕ್ಸ್ ಪ್ರತಿಯದ್ದು. ಅದನ್ನು ಹಿಡಿದುಕೊಂಡು ಜನ ಯಾವ ಯಾವುದೋ ಯಂತ್ರದಲ್ಲೆಲ್ಲ ಓಡಿಸುತ್ತಿದ್ದಾರೆ. ಹೋದ ತಿಂಗಳು ನನ್ನ ಒಂದು ಫ್ಲಾಪಿಯನ್ನು ಓದಿಸಿ ಡಾಸ್‌ಬಾಕ್ಸಿಗೆ ಕೊಟ್ಟೆ. ಮರ ಬಂತು. ಮಂಗ ಬಂದ. ಹೆಂಡತಿ ಚುಕ್ಕಿಯಿಟ್ಟ "ಕ" ಹಾಗೇ ಬಿತ್ತು, ಒಂದು ಚುಕ್ಕಿಯೂ ಅಳಿದಿಲ್ಲ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, "ಅಜ್ಜ, ಇದು ಯಾಕೆ ಇಷ್ಟು ನಿಧಾನ?" ಎಂದಳು. ವೇಗ ಹೆಚ್ಚಿಸುವ ಕೀಲಿ ಯಾವುದೆಂದು ನನಗೇ ಮರೆತಿತ್ತು.

ಊಟದ ಹಾಲಿನ ಬಾಗಿಲ ಬಳಿಯ ಮೇಜಿನ ಮೇಲೆ ಅದನ್ನು ಹಾಕಿಟ್ಟಿದ್ದೇನೆ, ಮಕ್ಕಳು ಆಡಬಹುದು. ಅದರ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿದೆ. 1998ರಿಂದ 2004ರವರೆಗಿನ ಸಂಚಿಕೆಯ ಫ್ಲಾಪಿ, ಸೀಡಿ, ಅಚ್ಚಿನ ಪ್ರತಿ ಯಾವುದಿದ್ದರೂ, ಹಾಳಾಗಿದೆ ಎಂದು ನೀವೇ ತೀರ್ಮಾನಿಸದೆ, ದಯವಿಟ್ಟು ಅದರಲ್ಲಿ ಹಾಕಿ. ಮೇಲೆ ನಿಮ್ಮ ಹೆಸರು ಬರೆದಿರಲಿ, ಕೆಲಸವಾದ ಮೇಲೆ ಹಿಂತಿರುಗಿಸುತ್ತೇವೆ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸಲು ಆಸ್ಟಿನ್‌ನ ಇಬ್ಬರು ಹುಡುಗರು ಒಪ್ಪಿಕೊಂಡಿದ್ದಾರೆ. ತಿದ್ದಿ ಓದಲು ಕನ್ನಡ ಚೆನ್ನಾಗಿ ಬಲ್ಲ ನಾಲ್ಕು ಜನ ಬೇಕು. ಊಟವಾದ ಮೇಲೆ ನಾನು ಪೆಟ್ಟಿಗೆಯ ಹತ್ತಿರವೇ ಇರುತ್ತೇನೆ.